ಡಬ್ಬ್ಯಾಗಿನ ಶೇಂಗಾ ಹೋಳಗಿ ಕೊಟ್ರ ಅದರ ಅರ್ಥ ಏನ್ರೀ? (ಆಫೀಸ್ ಮ್ಯಾಟರ್, ಸ್ವಲ್ಪ ಉದ್ದ ಐತಿ)

ಕುಂದಾ_ಪ್ರೇಮಿ:

ನಮಸ್ಕಾರ್ರೀ ಎಲ್ಲಾರ್ಗೂ. ಬೆಳಗಾವ್ಯಾಗ ಟಿಳಕವಾಡಿ ಕಡೆ ಒಂದು ಪ್ರೈವೇಟ್ ಆಫೀಸಿನ್ಯಾಗ ಅಕೌಂಟ್ಸ್ ನೋಡ್ಕೋತೇನಿ, ವಯಸ್ಸು 29, ಲಗ್ನ ಆಗಿಲ್ಲ, ಮನ್ಯಾಗ ವಾರಕ್ಕೊಂದು ಫೋಟೋ ತೋರಿಸ್ತಾರ ಅದು ಬ್ಯಾರೆ ಮಾತು. ಆಫೀಸಿನ್ಯಾಗ ಒಟ್ಟ 14 ಮಂದಿ ಅದೇವಿ. ದೀಪಾವಳಿ ಮುಗಿದ ಮ್ಯಾಲ ಬಿಲ್ಲಿಂಗಿಗೆ ಒಬ್ಬಾಕಿ ಜಾಯಿನ್ ಆಗ್ಯಾಳ, ಬೈಲಹೊಂಗಲ ಕಡೀದಾಕಿ. ಮೊದಲ ತಿಂಗಳು ಬರೇ ಸರ್ ಸರ್ ಅಂತಿದ್ಳು, ಈಗ ಹೆಸರು ಹಿಡದು ರೀ ಹಚ್ಚಿ ಮಾತಾಡಸ್ತಾಳ.

ವಿಷಯ ಏನಂದ್ರ, ಮಧ್ಯಾಹ್ನ ಊಟಕ್ಕ ಎಲ್ಲಾರೂ ಒಂದ ಟೇಬಲ್ ಮ್ಯಾಲ ಕುಂದರ್ತೇವಿ, ಆಕಿ ಡಬ್ಬಿ ತೆಗದ ಕೂಡ್ಲೆ ನನ್ನ ಕಡೆ ಸರಸ್ತಾಳ, ಶೇಂಗಾ ಹೋಳಗಿ ತಂದ ದಿನ ಅಂತೂ "ತಗೋರಿ ತಗೋರಿ, ನಮ್ಮವ್ವ ಮಾಡ್ಯಾಳ" ಅಂತ ಕೈಯಾಗ ಇಟ್ಟ ಬಿಡ್ತಾಳ. ನಾ ಜೋಕ್ ಹೇಳಿದ್ರ ನಗ್ತಾಳ, ನನ್ನ ಜೋಕಿಗೆ ನಮ್ಮ ಮನಿ ಮಂದಿನೂ ನಗಂಗಿಲ್ಲ ಅದನ್ನ ತಲ್ಯಾಗ ಇಟ್ಕೋರಿ. ವಾಟ್ಸಾಪಿನ್ಯಾಗ ಬಿಲ್ ಫೋಟೋ ಕಳಿಸಿದ ಮ್ಯಾಲ ಒಂದು ನಗೂ ಮಾರಿ ಇಮೋಜಿ ಪಕ್ಕಾ ಇರ್ತೈತಿ. ಹೋದ ಶನಿವಾರ ಮಳಿ ಹತ್ತಿತ್ತು, ಆಟೋ ಸಿಗವಲ್ದು, "ಸಿಬಿಟಿ ಬಸ್ ಸ್ಟ್ಯಾಂಡ್ ತನಕ ಬಿಡ್ತೀರೇನ್ರೀ" ಅಂತ ತಾನ ಕೇಳಿದ್ಳು. ಬಿಟ್ಟ ಬಂದೆ. ಒಂದ ಕಡೆ ಕಾಲು ಹಾಕಿ ಕುಂತಿದ್ಳು, ನಡುವ ತನ್ನ ಬ್ಯಾಗ್ ಇಟ್ಕೊಂಡಿದ್ಳು. ಇಳಿಯೂ ಮುಂದ ಥ್ಯಾಂಕ್ಸ್ ರೀ ಅಂತ ನಕ್ಳು, ನಾ ಮನಿ ಮುಟ್ಟೂತನಕ ಅದ ನಗು ತಲ್ಯಾಗ.

ದೋಸ್ತ ಅಂತಾನ "ಪಕ್ಕಾ ಐತಿ ಲೇ, ಕೇಳಿ ಬಿಡು". ನಮ್ಮ ಅಕ್ಕ ಅಂತಾಳ "ಮಳ್ಳ ಅದಿ ನೀ, ಊಟಾ ಹಂಚ್ಕೊಂಡ್ರ ಪ್ರೀತಿ ಏನ". ನನಗಂತೂ ತಿಳಿವಲ್ದು. ನಾವು ಹುಡುಗ್ರು ಯಾರರೆ ಮ್ಯಾಲ ಮನಸ್ಸಾದ್ರ ಊರಿಗೆಲ್ಲಾ ಗೊತ್ತಾಗೂ ಹಂಗ ಆಡ್ತೇವಿ, ಹುಡುಗೀರ್ದು ಬ್ಯಾರೆನ ಇರ್ತೈತೇನು? ಆಫೀಸಿನ್ಯಾಗ ಲೈನ್ ಹಾಕೂದು ಯಾವ್ದು, ಸಾದಾ ಸಲಿಗಿ ಯಾವ್ದು, ಹೆಂಗ ಗುರ್ತ ಹಿಡಿಯೂದು? ಹೆಣ್ಮಕ್ಕಳೂ ಉತ್ತರ ಕೊಡ್ರಿ, ಬರೇ ಹುಡುಗ್ರ ಕೇಳಿದ್ರ ಎಲ್ಲಾರೂ ಲಗ್ನನ ಮಾಡ್ಸಿ ಬಿಡ್ತಾರ.

ಇನ್ನೊಂದು, ಆಕಿ ಬಿಲ್ ಎಲ್ಲಾ ನಾನ ಚೆಕ್ ಮಾಡಿ ಸಹಿ ಹಾಕ್ತೇನಿ, ಹಿಂಗಾಗಿ ದಿನಾ ಮಾತು ಇದ್ದ ಇರ್ತೈತಿ.

ಚಾ_ಬ್ರೇಕ್_ಗುರು:

ಹೋಳಗಿ ಕೈಯಾಗ ಇಟ್ಲಂದ್ರ ಮುಗೀತು ದೋಸ್ತ, ಲಗ್ನಪತ್ರಿಕಾ ಅಚ್ಚಿಗೆ ಕೊಡು. ಊಟಕ್ಕ ಕುಂದಾ ಇರ್ಬೇಕ ಮತ್ತ.

ಉದ್ಯಮಬಾಗಿನ_ಅಕ್ಕ:

ತಮ್ಮಾ, ನಾ ಉದ್ಯಮಬಾಗಿನ್ಯಾಗ ಒಂದು ಫೌಂಡ್ರಿ ಆಫೀಸಿನ್ಯಾಗ ಹದಿನೈದು ವರ್ಷದ ಮ್ಯಾಲ ಕೆಲಸ ಮಾಡಾಕತ್ತೇನಿ, ಸುತ್ತ ನೂರು ಗಂಡಸ್ರು, ನಾವು ನಾಲ್ಕ ಹೆಣ್ಮಕ್ಕಳು. ಈ ವಿಷಯದಾಗ ನಾ ಡಾಕ್ಟರೇಟ್ ಮಾಡೇನಿ ಅಂತ ತಿಳ್ಕೋ.

ನೀ ಹೋಳಗಿ ನೋಡಿದಿ, ನಗು ನೋಡಿದಿ, ಇಮೋಜಿ ನೋಡಿದಿ. ಬ್ಯಾಗ್ ಬರದಿ ಖರೆ, ಅದನ್ನ ನೋಡ್ಲಿಲ್ಲ. ನಡುವ ಬ್ಯಾಗ್ ಇಡೂದು ಅಂದ್ರ ಏನು ಅಂತ ಯಾವ ಹುಡುಗೀನರೆ ಕೇಳು, ಟಂಟಂನ್ಯಾಗ ಕುಂತಾಗ, ಬಸ್ಸಿನ್ಯಾಗ ಕುಂತಾಗ, ಯಾರದರೆ ಗಾಡಿ ಮ್ಯಾಲ ಕುಂತಾಗ ನಾವು ಯೋಚನೆನ ಮಾಡಂಗಿಲ್ಲ, ಕೈ ತಾನ ಬ್ಯಾಗ್ ನಡುವ ತರ್ತೈತಿ. ಹಂಗಂತ ಆಕಿಗೆ ನಿನ್ನ ಮ್ಯಾಲ ಏನೂ ಇಲ್ಲ ಅಂತಲ್ಲ, ಮನಸ್ಸಿದ್ದಾಕಿನೂ ಬ್ಯಾಗ್ ಇಡ್ತಾಳ. ಅದಕ್ಕ ಅದರ ಮ್ಯಾಲೂ ಲೆಕ್ಕಾ ಹಾಕಬ್ಯಾಡ.

ಗಂಡಸ್ರು ಲೈನ್ ಹಾಕೂದು ಲಾರಿ ಹಾರ್ನ್ ಇದ್ದಂಗ. ಹೊಸಾ ಶರ್ಟ್, ಜೋರ್ ಧ್ವನಿ, ನಾವು ಹೊಂಟಾಗ ಫೋನಿನ್ಯಾಗ ದೊಡ್ಡ ಡೀಲ್ ಮಾತಾಡಿದಂಗ ನಾಟಕ, ಬ್ಯಾಡಂದ್ರೂ ಚಾ ತರೂದು. ಹೆಣ್ಮಕ್ಕಳು ಹಂಗ ಮಾಡಂಗಿಲ್ಲ, ಮಾಡಾಕ ಬರಂಗಿಲ್ಲ ಅಂತಲ್ಲ, ಮಾಡಿದ್ರ ಅದರ ಬಿಲ್ ನಮ್ಮ ಹೆಸರಿಗೆ ಬರ್ತೈತಿ. ನಂದ ಹೇಳ್ತೇನಿ ಕೇಳು. ನನಗಾಗ 24. ಡಿಸ್ಪ್ಯಾಚ್‌ನ್ಯಾಗ ಒಬ್ಬ ಸೂಪರ್‌ವೈಸರ್ ಇದ್ದ, ಛಂದ ಮಾತಾಡ್ತಿದ್ದ, ನಾನೂ ನಗ್ತಿದ್ದೆ, ಅಷ್ಟ, ಮನಸ್ಸಿನ್ಯಾಗ ಏನೂ ಇರಲಿಲ್ಲ. ಒಂದಿನ ಚಲನ್ ಕೊಡಾಕಂತ ಶಾಪ್ ಒಳಗ, ಅಂದ್ರ ಎರಕ ಹೊಯ್ಯೂ ಕಡೆ, ಹೋದೆ, ಸಾಲಾಗಿ ಇಟ್ಟ ಮೋಲ್ಡಿಂಗ್ ಬಾಕ್ಸ್ ಮ್ಯಾಲ ಸೀಮೆಸುಣ್ಣದಾಗ ನನ್ನ ಹೆಸರು, ಅವನ ಹೆಸರು, ನಡುವ ಬಾಣ. ಒಂದಲ್ಲ, ಆರು ಬಾಕ್ಸ್ ಮ್ಯಾಲ. ಅವಂಗ ಎಲ್ಲಾರೂ ಬೆನ್ನ ತಟ್ಟಿದ್ರು, ಪಾರ್ಟಿ ಕೇಳಿದ್ರು. ನನಗ ಮ್ಯಾನೇಜರ್ ಕರದು "ಇನ್ನ ಮ್ಯಾಲ ನೀವು ಶಾಪ್ ಕಡೆ ಹೋಗಬ್ಯಾಡ್ರಿ" ಅಂದ್ರು. ತಪ್ಪು ಯಾರ್ದು, ಬಾಗಲಾ ಮುಚ್ಚಿದ್ದು ಯಾರಿಗೆ ನೋಡು.

ಅದರ ಮರುದಿನದಿಂದ ನಾ ಎಲ್ಲಾರ್ಗೂ ಅಣ್ಣಾ ಹಚ್ಚಾಕ ಶುರು ಮಾಡಿದೆ. ವಿಠ್ಠಲನ ಭಕ್ತಿ ಬಂದು ಅಲ್ಲ. ನಮ್ಮ ಕಡೆ ಹೆಣ್ಮಕ್ಕಳ ಕೈಯಾಗ ಇರೂ ಬಾಗಲದ ಚಿಲಕ ಅದು. ಅಣ್ಣಾ ಅಂದ್ರ ಬೀಗ. ಸರ್ ಅಂದ್ರ ಚಿಲಕ. ಹೆಸರು ಹಿಡದು ರೀ ಹಚ್ಚಿದ್ರ ಬಾಗಲ ಮುಂದ ಮಾಡೇತಿ ಅಷ್ಟ, ಒಳಗ ಬಾ ಅಂದಂಗಲ್ಲ.

ಗುಮ್ಮಟದ_ಪಾರಿವಾಳ:

ವಿಜಯಪುರದಿಂದ. ಅಕ್ಕಾರು ಹೇಳಿದ್ದು ಅನುಭವದ ಮಾತು, ನಾ ಸ್ವಲ್ಪ ಪುಸ್ತಕದ್ದು ಹೇಳ್ತೀನಿ, ಸೈಕಾಲಜಿ ಓದೀನಿ ಈಗ ಕಾಲೇಜಿನ್ಯಾಗ ಪಾಠ ಮಾಡ್ತೀನಿ, ಬೋರ್ ಆದ್ರ ಬಿಟ್ಟ ಬಿಡ್ರಿ.

ನಿಮ್ಮ ಪ್ರಶ್ನಿ ಹಳೇದದ. 1982ರಾಗ ಆಂಟೋನಿಯಾ ಆಬಿ ಅನ್ನೂ ಸಂಶೋಧಕಿ ಅಮೆರಿಕಾದಾಗ ಒಂದು ಪ್ರಯೋಗ ಮಾಡಿದ್ರು. ಗುರ್ತಿಲ್ಲದ ಒಬ್ಬ ಹುಡುಗ ಒಬ್ಬ ಹುಡುಗಿ ಐದು ನಿಮಿಷ ಮಾತಾಡೂದು, ಅವ್ರಿಗೆ ಕಾಣದಂಗ ಇನ್ನೊಬ್ಬ ಹುಡುಗ ಇನ್ನೊಬ್ಬ ಹುಡುಗಿ ಕುಂತು ನೋಡೂದು. ಅದ ಮಾತು, ಅದ ನಗು. ನೋಡಿದ ಹುಡುಗ್ರಿಗೆ ಆ ಹುಡುಗಿ ಗಾಳ ಹಾಕ್ಲಿಕತ್ತಾಳ ಅಂತ ಜಾಸ್ತಿ ಅನಿಸ್ತು, ನೋಡಿದ ಹುಡುಗೀರಿಗೆ ಆಕಿ ಬರೇ ಛಂದ ಮಾತಾಡ್ಲಿಕತ್ತಾಳ ಅನಿಸ್ತು. ಲಕ್ಷ್ಯ ಕೊಡ್ರಿ, ಮಾತಾಡಿದ ಹುಡುಗ ಒಬ್ಬನ ತಪ್ಪು ತಿಳಕೊಂಡಿದ್ದಲ್ಲ, ದೂರ ಕುಂತ ನೋಡಿದಾಂವನೂ ಹಂಗ ತಿಳಕೊಂಡ. ನಿಮ್ಮ ದೋಸ್ತ "ಪಕ್ಕಾ ಐತಿ" ಅಂದದ್ದು ಇದ.

ಯಾಕ ಹಿಂಗ ಅಂತ 2000ದಾಗ ಹ್ಯಾಸೆಲ್ಟನ್ ಮತ್ತ ಬಸ್ ಅನ್ನೂ ಇಬ್ಬರು ಒಂದು ವಿವರಣೆ ಕೊಟ್ರು. ನಮ್ಮ ರೀತಿ ಹೇಳ್ಬೇಕಂದ್ರ, ರಾತ್ರಿ ಹೊಲದಾಗ ಹಗ್ಗಕ್ಕ ಹಾವು ಅಂತ ಜಿಗಿದ್ರ ಮಂದಿ ನಗ್ತಾರ ಅಷ್ಟ, ಹಾವಿಗೆ ಹಗ್ಗ ಅಂತ ತುಳಿದ್ರ ಜೀವ ಹೋಗ್ತದ. ಎರಡೂ ತಪ್ಪ, ನಷ್ಟ ಒಂದ ಅಲ್ಲ. ಹಿಂಗ ಗಂಡಸ್ರ ತಲಿ "ಇಲ್ಲದಿದ್ದರೂ ಐತಿ ಅನ್ಕೋ, ಅವಕಾಶ ತಪ್ಪಬಾರದು" ಅನ್ನೂ ಕಡೆ ವಾಲೇದ, ಹೆಂಗಸ್ರ ತಲಿ "ಇಂವ ನಿಲ್ಲೂ ಗಿರಾಕಿ ಹೌದೋ ಅಲ್ಲೋ" ಅಂತ ಸಂಶಯ ಪಡೂ ಕಡೆ ವಾಲೇದ ಅಂತ ಅವರ ವಾದ. ನನಗ ಇದು ಅರ್ಧ ಒಪ್ಪಿಗಿ. ಅಕ್ಕಾರ ಮೋಲ್ಡಿಂಗ್ ಬಾಕ್ಸ್ ಕತಿ ಕೇಳಿದ ಮ್ಯಾಲ ನಷ್ಟ ಯಾರಿಗೆ ಎಷ್ಟು ಅನ್ನೂದನ್ನ ಊರ ಮಂದಿ ಠರಾಸ್ತಾರೋ ಹುಟ್ಟಿನಿಂದ ಬಂದದ್ದೋ ಅನ್ನೂ ಪ್ರಶ್ನಿ ಉಳೀತದ.

ಇನ್ನೊಂದು ಮಜಾ. ಕಾನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2014ರಾಗ ಗುರ್ತಿಲ್ಲದ ಜೋಡಿಗೋಳನ್ನ ಹತ್ತು ಹನ್ನೆರಡು ನಿಮಿಷ ಮಾತಾಡಾಕ ಬಿಟ್ಟು ಆಮ್ಯಾಲ ಬ್ಯಾರೆ ಬ್ಯಾರೆ ಕೇಳಿದ್ರು, ನೀ ಫ್ಲರ್ಟ್ ಮಾಡಿದ್ಯಾ, ಎದರಿಗಿನವ್ರು ಮಾಡಿದ್ರಾ ಅಂತ. ಫ್ಲರ್ಟ್ ಮಾಡದೆ ಇದ್ದದ್ದನ್ನ ನೂರಕ್ಕ 80ರ ಮ್ಯಾಲ ಸರಿಯಾಗಿ ಹೇಳಿದ್ರು. ಖರೇನ ಫ್ಲರ್ಟ್ ಮಾಡಿದ್ದನ್ನ ಗುರ್ತ ಹಿಡದದ್ದು ನೂರಕ್ಕ 28 ಮಾತ್ರ. ಅಂದ್ರ ಎದರಾ ಎದರ ಕುಂತವ್ರಿಗೂ ಗೊತ್ತಾಗಂಗಿಲ್ಲ, ಇನ್ನ ಈ ಥ್ರೆಡ್ ಓದಿ ನಮಗ ಏನ ಗೊತ್ತಾಗ್ತದ. ಇವೆಲ್ಲಾ ಅಲ್ಲಿ ಕಾಲೇಜ್ ಹುಡುಗ್ರ ಮ್ಯಾಲ ಮಾಡಿದ್ದು, ಸಿದ್ಧೇಶ್ವರ ಜಾತ್ರ್ಯಾಗ ಕಣ್ಣಾಗ ಮಾತಾಡೂ ನಮ್ಮ ಹುಡುಗ್ರಿಗೆ ಎಷ್ಟು ಹೊಂದ್ತದೋ ನೀವ ನೋಡ್ಕೋರಿ.

ಒಂದ ನೆಪ್ಪಿರಲಿ, 14 ಮಂದಿ ಆಫೀಸ್ ಅಂದ್ರ ನಮ್ಮ ಗೋಲಗುಮ್ಮಟದ ಪಿಸುಮಾತಿನ ಗ್ಯಾಲರಿ ಇದ್ದಂಗ. ಈ ಗ್ವಾಡಿಗೆ ಪಿಸು ಅಂದ್ರ ಆ ಗ್ವಾಡಿಗೆ ಕೇಳ್ತದ. ಚಪ್ಪಾಳಿ ಹೊಡದ್ರ ಹೇಳೂದ ಬ್ಯಾಡ.

ಒಂಟಿ_ಸಲಗ_ಗೋಕಾಕ:

ಎಲ್ಲಾರೂ ಹುಡುಗ್ರಿಗೆ ಬುದ್ಧಿ ಹೇಳೂದ ಆತು. ಹುಡುಗಿ ಸಲಿಗಿ ಮಾಡಿದ್ರ ಮುದ್ದು, ಹುಡುಗ ಮಾಡಿದ್ರ ಕೇಸು. ನನ್ನ ಮೊದಲನೇ ಕೆಲಸದಾಗ ಒಬ್ಬ ಮೇಡಂ ಇದ್ರು, ನನಗಿಂತ ಹತ್ತು ವರ್ಷ ದೊಡ್ಡವ್ರು, ದಿನಾ ನಾ ಒಳಗ ಕಾಲಿಟ್ರ "ಬಂದ್ರಪಾ ಹೀರೋ" ಅನ್ನೂದು, ಶರ್ಟಿನ ಕಾಲರ್ ಎಳಿಯೂದು, "ಮೀಸಿ ಬೋಳಸ್ಕೋ, ಇನ್ನೂ ಛಂದ ಕಾಣ್ತಿ" ಅನ್ನೂದು. ಎಲ್ಲಾರೂ ನಗ್ತಿದ್ರು. ನಾನೂ ನಗ್ತಿದ್ದೆ, ಮತ್ತೇನ ಮಾಡ್ಲಿ. ಮನೀಗೆ ಬಂದು ಕಾಲರ್ ನೋಡ್ಕೋತಿದ್ದೆ. ಒಬ್ಬರ ಮುಂದ ಹೇಳಿದ್ರ "ನಸೀಬ್ ಮಾಡೀದಿ ಲೇ" ಅಂದ. ಕುಂದಾ ಪ್ರೇಮಿ ನೀ ಸುಮ್ನ ಇರು, ಹೋಳಗಿ ತಿನ್ನು, ಕೈ ತೊಳ್ಕೊ, ಕೆಲಸಾ ನೋಡು.

ಉದ್ಯಮಬಾಗಿನ_ಅಕ್ಕ:

ಗೋಕಾಕದ ತಮ್ಮಾ, ನಿನಗ ಆಗಿದ್ದು ತಪ್ಪ. "ನಾನೂ ನಗ್ತಿದ್ದೆ, ಮತ್ತೇನ ಮಾಡ್ಲಿ" ಅಂದಿಯಲ್ಲ, ಆ ನಗು ನಮಗ ದಿನಾ ಐತಿ. ಅದ ನಗು ನೋಡಿ ಎದರಿಗಿನಾಂವ ಮನ್ಯಾಗ ಕುಂತು ಥ್ರೆಡ್ ಹಾಕ್ತಾನ.

ನವನಗರದಾಕಿ:

ಬಾಗಲಕೋಟಿಯಿಂದ. ನಾ ಎರಡು ಮೂರು ಸಂಸ್ಥೆದ ಆಂತರಿಕ ಸಮಿತಿಯೊಳಗ, ಅಂದ್ರ ಆಫೀಸಿನ್ಯಾಗ ಲೈಂಗಿಕ ಕಿರುಕುಳದ ದೂರು ಕೇಳೂ ಸಮಿತಿಯೊಳಗ, ಹೊರಗಿನ ಸದಸ್ಯೆ ಆಗೇನಿ, ಅದಕ್ಕ ಕಾಯ್ದೆ ವಿಷಯ ಒಂದಿಷ್ಟು ಹೇಳ್ತೇನಿ, ಹೆದರ್ಸಾಕಲ್ಲ.

ಗೋಕಾಕದವ್ರ, ನೀವು ಹೇಳಿದ್ದ ಒಂದು ಮಾತು ಖರೆ, ಕೆಲಸದ ಜಾಗಾದಾಗಿನ ಲೈಂಗಿಕ ಕಿರುಕುಳದ ಬಗ್ಗೆ ಇರೂ 2013ರ ಕಾಯ್ದೆದಾಗ ದೂರು ಕೊಡೂ ಹಕ್ಕು ಇರೂದು ಹೆಣ್ಮಕ್ಕಳಿಗೆ ಮಾತ್ರ. ರಾಜಸ್ಥಾನದಾಗ ಭಂವರಿ ದೇವಿ ಅನ್ನೂ ಕಾರ್ಯಕರ್ತೆ ಮ್ಯಾಲ ಅತ್ಯಾಚಾರ ಆದ ಪ್ರಕರಣದ ಮ್ಯಾಲ 1997ರಾಗ ಸುಪ್ರೀಂ ಕೋರ್ಟ್ ಕೆಲಸದ ಜಾಗಾದಾಗ ಹೆಣ್ಮಕ್ಕಳ ರಕ್ಷಣಾಕ್ಕಂತ ವಿಶಾಖಾ ತೀರ್ಪು ಕೊಡ್ತು, ಅದರಿಂದ ಬೆಳದ ಕಾಯ್ದೆ ಇದು, ಹಿಂಗಾಗಿ ಹಂಗೈತಿ. ಕೆಲವು ಕಂಪನಿ ತಮ್ಮ ಸ್ವಂತ ನಿಯಮದಾಗ ಗಂಡಸ್ರ ದೂರೂ ತಗೋತಾವ, ನಿಮ್ಮ ಈಗಿನ ಆಫೀಸಿನ ನಿಯಮ ಒಂದ ಸಲ ಓದ್ರಿ. ಆದ್ರ "ನಕ್ಕ್ರ ಕೇಸು" ಅನ್ನೂದು ಖರೆ ಅಲ್ಲ. ಕಾಯ್ದೆದಾಗಿನ ಮುಖ್ಯ ಮಾತು ಎದರಿಗಿನಾಕಿಗೆ ಅದು ಬ್ಯಾಡಾಗಿತ್ತೇನು ಅನ್ನೂದು. ಮರ್ಯಾದಿಲೆ ಒಂದ ಸಲ ಕೇಳಿ, ಇಲ್ಲ ಅಂದ್ರ ಅಲ್ಲಿಗೆ ಬಿಟ್ಟಾಂವನ ಮ್ಯಾಲ ಬಂದ ದೂರು ನಾ ಇನ್ನೂ ನೋಡಿಲ್ಲ. ನಾ ನೋಡಿದ್ದೆಲ್ಲಾ ಇಲ್ಲ ಅಂದ ಮರುದಿನದಿಂದ ಶುರು ಆಗಿದ್ದು. ರಜಾ ಅರ್ಜಿ ಟೇಬಲ್ ಮ್ಯಾಲ ಕೊಳೀತೈತಿ, ಬಿಲ್ಲಿನ್ಯಾಗ ಇಲ್ಲದ ತಪ್ಪು ಕಾಣ್ತಾವ, ನಿನ್ನೆ ತನಕ "ಚಲೋ ಕೆಲಸಾ ಮಾಡ್ತಾಳ" ಅಂದಾಕಿ ಇವತ್ತ "ಸೊಕ್ಕಿನಾಕಿ" ಆಗ್ತಾಳ.

ಕುಂದಾ ಪ್ರೇಮಿ, ನಿಮ್ಮ ಪೋಸ್ಟಿನ ಕಡೀ ಸಾಲು ನನಗ ಎಲ್ಲಾಕ್ಕಿಂತ ದೊಡ್ಡದು ಕಾಣ್ತು, ನೀವು ಅದನ್ನ ಸುಮ್ನ ಹಂಗ ಬರದ ಬಿಟ್ಟೀರಿ. ಆಕಿ ಬಿಲ್ಲಿಗೆ ಸಹಿ ನಿಮ್ದು. ಈಗ ನೀವು ಕೇಳಿದ್ರ ಆಕಿ ಕಿವ್ಯಾಗ ಎರಡು ಪ್ರಶ್ನಿ ಬೀಳ್ತಾವ, ಒಂದು ನೀವು ಕೇಳಿದ್ದು, ಇನ್ನೊಂದು ನೀವು ಕೇಳದೆ ಇದ್ದದ್ದು: ಬ್ಯಾಡ ಅಂದ್ರ ನನ್ನ ಬಿಲ್ ಗತಿ ಏನು? ನಿಮ್ಮ ಮನಸ್ಸಿನ್ಯಾಗ ಅದು ಇಲ್ಲದಿದ್ದರೂ ಆಕಿಗೆ ಅದು ಹೆಂಗ ಗೊತ್ತಾಗ್ಬೇಕು? ಮೊದಲ ಆ ಚೆಕ್ ಮಾಡೂ ಕೆಲಸಾ ಬ್ಯಾರೆಯವ್ರಿಗೆ ದಾಟಸ್ರಿ, ಆಮ್ಯಾಲ ಉಳದ ಮಾತು.

ಮತ್ತ ನಮ್ಮ ಕಡೆ ಹುಡುಗೀರು ಬಾಯಿ ತುಂಬ "ಇಲ್ಲ" ಅನ್ನೂದು ಕಡಿಮಿ, ಎದರಿಗಿನಾಂವಗ ಸಿಟ್ಟು ಬರಬಾರದಂತ ಸುತ್ತ ಹಾಕಿ ಹೇಳ್ತೇವಿ. "ನೋಡೂಣ್ರೀ" ಅಂದ್ರ ಇಲ್ಲ. "ಮನ್ಯಾಗ ನೋಡಾಕತ್ತಾರ್ರೀ" ಅಂದ್ರ ಇಲ್ಲ. "ಈಗ ಅದರ ವಿಚಾರ ಮಾಡಿಲ್ರೀ" ಅಂದ್ರೂ ಇಲ್ಲ. ನಕ್ಕು ವಿಷಯಾ ಬದಲ ಮಾಡಿದ್ರ ಅದು ಎಲ್ಲಾಕ್ಕಿಂತ ದೊಡ್ಡ ಇಲ್ಲ. ಗಂಡಸ್ರು ಇದನ್ನ ಕೇಳಿ "ಪೂರಾ ಬ್ಯಾಡ ಅಂದಿಲ್ಲಲ್ಲ" ಅಂತ ವರ್ಷಗಟ್ಟಲೆ ಕಾಯ್ಕೋತ ಕುಂದರ್ತಾರ.

ಇನ್ನೊಂದು, 14 ಮಂದಿ ಅದೇವಿ ಅಂದ್ರಿ. ಹತ್ತು ಮಂದಿ ಆದ್ರ ಸಮಿತಿ ಇರಾಕಬೇಕು, ಒಬ್ಬ ಹಿರಿಯ ಹೆಣ್ಮಗಳು ಅಧ್ಯಕ್ಷೆ, ಅರ್ಧಕ್ಕಿಂತ ಕಡಿಮಿ ಇಲ್ಲದಂಗ ಹೆಣ್ಮಕ್ಕಳು, ಹೊರಗಿನವ್ರೊಬ್ಬರು. ಇಲ್ಲಂದ್ರ ಮಾಲಕರಿಗೆ 50 ಸಾವಿರ ತನಕ ದಂಡ. ನಿಮ್ಮಲ್ಲಿ ಐತೇನು ಕೇಳ್ರಿ, ಹೋಳಗಿಗೂ ಇದಕ್ಕೂ ಸಂಬಂಧ ಇಲ್ಲ, ಸುಮ್ನ ಕೇಳ್ರಿ.

ಇಳಕಲ್_ಸೆರಗು:

ಎಲ್ಲಾರೂ ಹುಡುಗಿ ಸುಮ್ನ ಇರ್ತಾಳ, ಹುಡುಗ ತಪ್ಪು ತಿಳ್ಕೋತಾನ ಅಂತ ಬರ್ಯಾಕತ್ತೀರಿ, ನಂದ ಉಲ್ಟಾ ಐತಿ. ನನ್ನ ಗಂಡ ಮೊದಲ ನನ್ನ ಆಫೀಸಿನ್ಯಾಗ ಇದ್ದಾಂವ. ನಾ ನಾಲ್ಕ ತಿಂಗಳು ಕಾಳು ಹಾಕೇನಿ, ಪುಣ್ಯಾತ್ಮಗ ಒಂದೂ ಗೊತ್ತಾಗ್ಲಿಲ್ಲ. ಅಂವ ಸಂಜಿ 6 ಗಂಟೆ ಬಸ್ಸಿಗೆ ಹೋಗ್ತಾನಂತ ನಾ ಸಾಡೇಪಾಚ್ ಬಸ್ ಬಿಟ್ಟು ಅದಕ್ಕ ಕಾಯ್ತಿದ್ದೆ. ಒಂದಿನ ಬಾಜೂ ಸೀಟ್ ಮ್ಯಾಲ ಕರ್ಚೀಫ್ ಹಾಸಿ ಇಟ್ಟೆ, ಅಂವ ಬಂದು ನೋಡಿ "ಯಾರಿಗೋ ಹಿಡದೀರೇನ್ರೀ, ಇರ್ಲಿ ಇರ್ಲಿ" ಅಂತ ನವನಗರ ತನಕ ನಿಂತ ಬಂದ. ಕರ್ಚೀಫ್ ಹಂಗ ಇತ್ತು, ನಾನೂ ಹಂಗ ಕುಂತಿದ್ದೆ.

ಇದರಾಗ ಒಂದು ಗುಟ್ಟು ಹೇಳ್ತೇನಿ. ಎಲ್ಲಾರ ಮುಂದ ಡಬ್ಬಿ ಸರ್ಸೂದು ಏನೂ ಅಲ್ಲ, ಅದು ನಮ್ಮ ಅವ್ವಂದ್ರು ಕಲಿಸಿದ್ದು, ತಿನ್ನೂ ಮುಂದ ಬಾಜೂದವ್ರಿಗೆ ಕೊಡ್ಬೇಕು. ನಾ ಅವಂಗ ಕೊಟ್ಟಿದ್ದು ಪೇಪರಿನ್ಯಾಗ ಸುತ್ತಿ, ಯಾರೂ ಇಲ್ಲದಾಗ, "ಮನೀಗೆ ಒಯ್ರಿ" ಅಂತ. ಅಂವ ಏನ ಮಾಡಿದ ಗೊತ್ತೇನು, ಒಯ್ದು ಆಫೀಸಿನ ಎಲ್ಲಾರ್ಗೂ ಹಂಚಿದ. ಕಡೀಕ ನಾನ ಬಸ್ ಸ್ಟ್ಯಾಂಡಿನ್ಯಾಗ ನಿಲ್ಲಿಸಿ ಕೇಳಿದೆ, ನಿಮ್ಮ ಮನ್ಯಾಗ ಬ್ಯಾರೆ ಜಾತಿ ಸೊಸಿ ನಡೀತಾಳೇನು ಅಂತ. ಅಂವ ಎರಡ ನಿಮಿಷ ಬಸ್ ಬೋರ್ಡ್ ಓದಿದ. ಆಮ್ಯಾಲ ಎರಡೂ ಮನ್ಯಾಗ ವರ್ಷ ತನಕ ರಾಡಿ ಆತು, ಆಫೀಸಿನ್ಯಾಗ ಕೆಲಸಾ ಬಿಟ್ಟಾಕಿ ನಾನ, ಅಂವ ಅಲ್ಲ. ಒಂದ ಮನ್ಯಾಗಿನವ್ರು ಒಂದ ಕಡೆ ಬ್ಯಾಡ ಅಂತ ಮಾಲಕರು ಅಂದ್ರ ಬಿಡೂದು ಯಾರು ಅಂತ ಯಾರೂ ಕೇಳಲೂ ಇಲ್ಲ. ಈಗ ಬ್ಯಾರೆ ಕಡೆ ಅವಂಗಿಂತ ನೂರು ರೂಪಾಯಿ ಜಾಸ್ತಿ ಪಗಾರ ತಗೋತೇನಿ, ಅದನ್ನ ದಿನಾ ನೆನಪು ಮಾಡಿ ಕೊಡ್ತೇನಿ.

ಚಾ_ಬ್ರೇಕ್_ಗುರು:

ವೈನಿ, ಕರ್ಚೀಫ್ ಕತಿ ಓದಿ ಕಣ್ಣಾಗ ನೀರು ಬಂತು, ನಕ್ಕು ನಕ್ಕು.

ಕುಂದಾ_ಪ್ರೇಮಿ:

ಎಲ್ಲಾರ್ಗೂ ಥ್ಯಾಂಕ್ಸ್. ಮೂರು ವಾರ ಆತು, ಏನಾತು ಅಂತ ಇನ್‌ಬಾಕ್ಸಿನ್ಯಾಗ ಕೇಳಾಕತ್ತಾರ ಅದಕ್ಕ ಬರೀತೇನಿ.

ನವನಗರದ ಅಕ್ಕಾರು ಹೇಳಿದಂಗ ಮೊದಲ ಸಾಹೇಬರ ಕಡೆ ಹೋಗಿ ಬಿಲ್ಲಿಂಗ್ ಚೆಕ್ ಮಾಡೂದನ್ನ ಬ್ಯಾರೆಯವ್ರಿಗೆ ಕೊಡ್ರಿ ಅಂದೆ. ಯಾಕೋ ಅಂದ್ರು. ಲೋಡ್ ಜಾಸ್ತಿ ಆಗೇತ್ರೀ ಅಂದೆ. ಲೋಡ್ ಜಾಸ್ತಿ ಅಂದಾಂವಗ ಜಿಎಸ್‌ಟಿ ರಿಟರ್ನ್ ಕೆಲಸಾನೂ ಹಚ್ಚಿದ್ರು, ಅದು ಬ್ಯಾರೆ. ಸಮಿತಿ ಐತೇನ್ರೀ ಅಂತ ಕೇಳಿದ್ದಕ್ಕ "ನಿನಗ ಯಾಕ ಬೇಕು" ಅಂತ ಹುಬ್ಬು ಏರಿಸಿದ್ರು, ಅಂದ್ರ ಇಲ್ಲ.

ಆಮ್ಯಾಲ ಟೇಬಲ್ ಮ್ಯಾಲ ಲಕ್ಷ್ಯ ಕೊಟ್ಟು ನೋಡಿದೆ. ನಮ್ಮ ಆಫೀಸಿನ್ಯಾಗ ಒಬ್ಬರು ಪ್ಯೂನ್ ಕಾಕಾ ಅದಾರ, ಆಕಿ ಡಬ್ಬಿ ತೆಗದ ಮೊದಲ ಅವ್ರ ತಾಟಿಗೆ ಹಾಕ್ತಾಳ, ಅದು ನನಗ ಇಷ್ಟು ದಿನ ಕಂಡ ಇರ್ಲಿಲ್ಲ, ಕಾಕಾ ನನ್ನ ಬಾಜೂನ ಕುಂದರ್ತಾರ. ಆದ್ರೂ ಮನಸ್ಸು ಕೇಳವಲ್ದು. ಹೋದ ಶುಕ್ರವಾರ ಆಫೀಸ್ ಬಿಟ್ಟ ಮ್ಯಾಲ ಆರ್‌ಪಿಡಿ ಕ್ರಾಸ್ ಕಡೆ ಹೊಂಟಿದ್ಳು, ಮಂದಿ ಓಡಾಡೂ ಜಾಗಾನ, ನಿಲ್ಲಿಸಿ ಹೇಳಿದೆ, ನಿಮ್ಮ ಜೋಡಿ ಮಾತಾಡಿದ್ರ ಚಲೋ ಅನಸ್ತೈತಿ, ಮನ್ಯಾಗ ಕೇಳ್ಬಹುದೇನು, ಬ್ಯಾಡಂದ್ರ ಇಲ್ಲಿಗೆ ಮರ್ತ ಬಿಡ್ತೇನಿ, ಆಫೀಸಿನ್ಯಾಗ ಯಾರ್ಗೂ ಹೇಳಂಗಿಲ್ಲ ಅಂತ. ಮನ್ಯಾಗ ಕನ್ನಡಿ ಮುಂದ ಹತ್ತು ಸಲ ಹೇಳ್ಕೊಂಡಿದ್ದೆ, ಆದ್ರೂ ನಡುವ ಒಂದ ಸಾಲು ನುಂಗಿದೆ.

ಆಕಿ ಬ್ಯಾಗಿನ ಬೆಲ್ಟ್ ಸರಿ ಮಾಡ್ಕೊಂಡ್ಳು. "ಮನ್ಯಾಗ ನೋಡಾಕತ್ತಾರ್ರೀ" ಅಂದ್ಳು.

ನಾ "ಆತ್ರೀ, ತಿಳೀತು" ಅಂದೆ. ಆಕಿ ಒಂದ ಸಲ ಮಾರಿ ನೋಡಿ, ಖರೇನ ತಿಳದೈತೇನು ಇವಂಗ ಅಂತ ನೋಡಿದಂಗ ನೋಡಿ, ಬಸ್ಸಿಗೆ ಹೋದ್ಳು.

ಶನಿವಾರ ಡಬ್ಬಿ ನನ್ನ ಕಡೆ ಬರ್ಲಿಲ್ಲ. ಸೋಮವಾರನೂ ಇಲ್ಲ. ನಾ ನನ್ನ ರೊಟ್ಟಿ ಪುಂಡಿಪಲ್ಯ ತಿಂದು ಎದ್ದೆ, ಜೋಕ್ ಹೇಳೂದು ಬಿಟ್ಟಿಲ್ಲ, ಯಾರೂ ನಗ್ಲಿಲ್ಲ. ಇವತ್ತ ಮತ್ತ ಶೇಂಗಾ ಹೋಳಗಿ ಬಂದಿತ್ತು. ಕಾಕಾರಿಗೆ ಎರಡು, ನನಗ ಒಂದು. "ತಗೋರಿ ಅಣ್ಣಾ" ಅಂದ್ಳು.

ತಗೊಂಡೆ. ಚಲೋ ಆಗಿತ್ತು.